ಕಂದೀಲುಗಳ್ಳನ ಎಡಗಣ್ಣು

ಊರಿನ ಅರ್ಧ ಜನರ ಕಣ್ಣಿನ ನಂಬರನ್ನು ಬಾಯಲ್ಲೇ ಹೇಳಬಲ್ಲ ಕನ್ನಡಕದಂಗಡಿಯ ಯಜಮಾನರಿಗೆ ಇದ್ದದ್ದು ಒಂದೇ ಹುಚ್ಚು. ಅದೂ ಎಂಥದ್ದು! ಹೊರಗೆ ಹೇಳಿದರೆ, "ಮನೇಲಿ ಎಲ್ಲಾ ಸರಿಯಾಗಿದೆ ತಾನೇ?" ಎಂದು ಕೇಳುವಂಥದ್ದು. ಚಿಕ್ಕಂದಿನಲ್ಲಿ ಅವರು ಓದಿದ ಚಿತ್ರಕಥೆಯೊಂದರಲ್ಲಿ ಕಂದೀಲುಗಳನ್ನು ಮಾತ್ರ ಕದಿಯುವ ಕಳ್ಳನೊಬ್ಬ ಬರುತ್ತಿದ್ದ. ಚಿನ್ನ ಎದುರಿಗೇ ಬಿದ್ದಿದ್ದರೂ ಮುಟ್ಟುತ್ತಿರಲಿಲ್ಲ, ಕಂದೀಲು ಕಂಡರೆ ಬಿಡುತ್ತಿರಲಿಲ್ಲ. ನಾಯಕನ ಕೈಯಲ್ಲಿ ನಾಲ್ಕು ಏಟು ತಿಂದು ಅವನು ಕಥೆಯಿಂದ ಹೊರಟುಹೋದ. ಜಗತ್ತು ಅವನನ್ನು ಮರೆತುಬಿಟ್ಟಿತು, ಜಗತ್ತಿಗೆ ಬೇರೆ ಕೆಲಸವಿತ್ತು. ನಮ್ಮ ಯಜಮಾನರಿಗೆ ಇರಲಿಲ್ಲ.

ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಚಿತ್ರಕಥೆಗಳ ಸಮ್ಮೇಳನ ನಡೆಯುತ್ತದೆ. ಕಲಾವಿದರು ಸಾಲಾಗಿ ಮೇಜು ಹಾಕಿಕೊಂಡು ಕೂತಿರುತ್ತಾರೆ. ಹೆಸರು ಬರೆಸಿದರೆ, ಕೇಳಿದ ಪಾತ್ರವನ್ನು ಅಲ್ಲೇ ಬಿಡಿಸಿಕೊಡುತ್ತಾರೆ. ಉಳಿದವರು ಆಕಾಶದಲ್ಲಿ ಹಾರುವ ವೀರರನ್ನು ಬರೆಸಿಕೊಂಡು ಸುಖವಾಗಿ ಮನೆಗೆ ಹೋಗುತ್ತಾರೆ. ಯಜಮಾನರು ಮಾತ್ರ ಪ್ರತಿ ವರ್ಷ, ಪ್ರತಿ ಮೇಜಿನ ಮುಂದೆ, ಅದೇ ಕಂದೀಲುಗಳ್ಳನನ್ನು ಕೇಳುತ್ತಿದ್ದರು. ಬಾಗಿಲು ತೆರೆದ ಕೂಡಲೇ ಓಡದಿದ್ದರೆ ಒಳ್ಳೆಯ ಕಲಾವಿದರ ಪಟ್ಟಿ ತುಂಬಿಹೋಗುತ್ತದೆ. ಹಾಗಾಗಿ ಮೊಣಕಾಲು ನೋವೆಂದು ಮನೆಯಲ್ಲಿ ಸ್ಟೂಲು ಕೂಡ ಹತ್ತದ ಈ ಮಹಾನುಭಾವರು ಅಲ್ಲಿ ಎಳೆಗರುವಿನಂತೆ ಓಡುತ್ತಿದ್ದರು. ಹಿಂದೆಯೇ ಅವರ ಭಾವಮೈದ, ದಪ್ಪ ಫೈಲನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದ.

ಕಂದೀಲುಗಳ್ಳ ಯಾರೆಂದು ಈಗಿನ ಕಲಾವಿದರಿಗೆ ಗೊತ್ತಿರುವುದು ಹೇಗೆ? ಅದಕ್ಕೆಂದೇ ಯಜಮಾನರು ಮಾದರಿ ಚಿತ್ರ ಒಯ್ಯುತ್ತಿದ್ದರು. ಹಳೆಯ ಪುಸ್ತಕದಲ್ಲಿ ಉಳಿದಿದ್ದದ್ದು ಕೊನೆಯ ಹಾಳೆ ಒಂದೇ. ಉಳಿದ ಹಾಳೆಗಳು ಯಜಮಾನರ ನೆನಪಿನಿಂದಲೂ ಹರಿದುಹೋಗಿದ್ದವು. ಇದ್ದ ಹಾಳೆಯಲ್ಲೂ ಕಳ್ಳನ ಮುಖ ಸರಿಯಾಗಿ ಕಾಣುತ್ತಿದ್ದದ್ದು ಒಂದೇ ಚೌಕದಲ್ಲಿ. ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ಎಡಗಣ್ಣಿನ ಜಾಗದಲ್ಲಿ ಕಪ್ಪು ಪಟ್ಟಿ, ಬಲಗಣ್ಣಿನಲ್ಲಿ ಕ್ರೌರ್ಯ. ಕ್ರೌರ್ಯವಿತ್ತೆಂದು ಯಜಮಾನರೇ ಹೇಳುತ್ತಿದ್ದರು, ಜೆರಾಕ್ಸಿನಲ್ಲಿ ಅಷ್ಟೆಲ್ಲ ಕಾಣುತ್ತಿರಲಿಲ್ಲ. ಆ ಕಣ್ಣು ಹೇಗೆ ಹೋಯಿತೆಂಬುದರ ಬಗ್ಗೆ ಸಂಗ್ರಾಹಕರ ಬಳಗದಲ್ಲಿ ಅವರು ಒಂದು ಭಾಷಣವನ್ನೇ ಬಿಗಿದಿದ್ದರು. ಕಂದೀಲಿನ ಗಾಜು ಸಿಡಿದು ಕಣ್ಣು ಹೋಯಿತು, ಆ ಸೇಡಿಗೇ ಅವನು ಕಂದೀಲು ಕದಿಯುತ್ತಾನೆ ಎಂಬುದು ಅವರ ಸಂಶೋಧನೆ. ಬಳಗದವರು ಚಪ್ಪಾಳೆ ತಟ್ಟಿದರು. ಆಮೇಲೆ ಟೀ ಇತ್ತು.

ಒಮ್ಮೆ ಹೊಸ ಕಲಾವಿದೆಯೊಬ್ಬಳು ಮಾದರಿಯನ್ನು ಸರಿಯಾಗಿ ನೋಡದೆ ಎರಡೂ ಕಣ್ಣು ಬರೆದುಬಿಟ್ಟಳು. ಯಜಮಾನರು ಅವಳಿಗೆ ಅಲ್ಲೇ ಪಾಠ ಶುರುಮಾಡಿದರು.

"ಪಾತ್ರದ ಬಗ್ಗೆ ಸ್ವಲ್ಪ ತಿಳ್ಕೊಂಡು ಕೂತ್ಕೋಬೇಕಮ್ಮ. ಇವನ ಜೀವನವೇ ಆ ಹೋದ ಕಣ್ಣಲ್ಲಿದೆ."

ಹುಡುಗಿ ತುಟಿ ಕಚ್ಚಿಕೊಂಡು ಇನ್ನೊಂದು ಹಾಳೆ ತೆಗೆದುಕೊಂಡಳು. ಭಾವಮೈದ ನೆಲ ನೋಡುತ್ತ ನಿಂತಿದ್ದ.

ಈ ವರ್ಷ ಸುದ್ದಿ ಬಂತು: ಕಂದೀಲುಗಳ್ಳನನ್ನು ಮೊದಲು ಬರೆದ ಕಲಾವಿದರೇ ಸಮ್ಮೇಳನಕ್ಕೆ ಬರುತ್ತಾರಂತೆ. ತುಂಬಾ ವಯಸ್ಸಾಗಿದೆ, ಕೈ ನಡುಗುತ್ತದೆ, ಬೆರಳೆಣಿಕೆಯ ಚಿತ್ರ ಬರೆದು ಎದ್ದುಹೋಗುತ್ತಾರಂತೆ, ಮತ್ತೆ ಬರುವುದಿಲ್ಲವಂತೆ. ಯಜಮಾನರಿಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಫೈಲಿಗೆ ಕಳಶವಿಡುವ ಚಿತ್ರ ಅದೊಂದೇ. ಅದು ಸಿಕ್ಕಿದರೆ ಜನ್ಮ ಸಾರ್ಥಕ, ಸಿಗದಿದ್ದರೆ ಫೈಲೂ ವ್ಯರ್ಥ, ತಾವೂ ವ್ಯರ್ಥ.

"ನಮ್ಮ ಮದುವೆ ದಿನ ಇಷ್ಟು ಬೇಗ ಎದ್ದಿದ್ರಾ?" ಎಂದು ಸಮ್ಮೇಳನದ ದಿನ ಮುಂಜಾನೆ ಹೆಂಡತಿ ಹಾಸಿಗೆಯಿಂದಲೇ ಕೇಳಿದರು.

"ಅವತ್ತು ನೀನೆಲ್ಲೂ ಹೋಗ್ತಿರಲಿಲ್ಲವಲ್ಲ," ಎಂದು ಯಜಮಾನರು ಬೂಟಿನ ದಾರ ಕಟ್ಟಿದರು.

ಆ ಹಿರಿಯ ಕಲಾವಿದರ ಪಟ್ಟಿಯಲ್ಲಿ ಕೊನೆಯ ಹೆಸರು ಯಜಮಾನರದಾಯಿತು. ಸರದಿ ಬಂದಾಗ ಬಳಗದವರೆಲ್ಲ ಬೆನ್ನ ಹಿಂದೆ ಗುಂಪುಗೂಡಿದ್ದರು. ಮೇಜಿನ ಹಿಂದೆ ಸಣ್ಣಗೆ ಬಾಗಿದ ಮುದುಕರು. ಅವರ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಅದರ ಫ್ರೇಮು ಸರಿಪಡಿಸಲು ಯಜಮಾನರ ಬೆರಳು ತುರಿಸಿದವು, ಆದರೆ ಭಕ್ತಿ ತಡೆಯಿತು. ಅವರು ಫೈಲನ್ನು ಮುಂದಿಟ್ಟರು.

ಮುದುಕರು ಒಂದೊಂದೇ ಹಾಳೆ ತಿರುವಿದರು. ಅವರ ಮುಖ ಅರಳಿತು. "ಅಯ್ಯೋ, ಇವನಿನ್ನೂ ಬದುಕಿದ್ದಾನಾ! ಇವನನ್ನ ಕೇಳಿದವರು ನೀವೊಬ್ಬರೇ ಕಣ್ರೀ. ನಮ್ಮ ಮನೇಲೂ ಯಾರಿಗೂ ನೆನಪಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಅವರ ಹುಬ್ಬು ಗಂಟಿಕ್ಕಿತು. "ಅಲ್ಲಾ, ಎಲ್ಲರೂ ಇವನ ಕಣ್ಣು ಯಾಕೆ ಮುಚ್ಚಿದ್ದಾರೆ?"

ಯಜಮಾನರು ಹೆಮ್ಮೆಯಿಂದ ಪ್ಲಾಸ್ಟಿಕ್ ಹೊದಿಸಿದ ಮಾದರಿಯನ್ನು ಕೊಟ್ಟರು.

ಮುದುಕರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ಇದು ಪಟ್ಟಿ ಅಲ್ಲ ಮಾರಾಯ್ರೇ, ಮಸಿ! ಆ ಪ್ರೆಸ್ಸಿನವನು ಯಾವಾಗಲೂ ಹೀಗೇ ಮೆತ್ತಿಬಿಡ್ತಿದ್ದ. ನಿಮ್ಮ ಪುಸ್ತಕಕ್ಕೆ ಮೆತ್ಕೊಂಡಿದೆ, ಅಷ್ಟೇ."

ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಕಂದೀಲಿನ ಗಾಜು, ಸೇಡು, ಸಂಶೋಧನೆ ಎಲ್ಲವೂ ಒಂದು ಹನಿ ಮಸಿಗೆ ಇಳಿದಿತ್ತು.

ಮುದುಕರಿಗೆ ಅದೊಂದೂ ಗೊತ್ತಿಲ್ಲ. ಅವರಾಗಲೇ ಬರೆಯಲು ಶುರುಮಾಡಿದ್ದರು. ಪೆನ್ಸಿಲು ಹಾಳೆಗೆ ತಾಗುವವರೆಗೆ ನಡುಗುತ್ತಿದ್ದ ಕೈ, ತಾಗಿದ ಮೇಲೆ ನಡುಗಲಿಲ್ಲ. ಬರೆಯುತ್ತಲೇ ಮಾತಾಡಿದರು: "ಇವನಿಗೆ ಕತ್ತಲು ಕಂಡ್ರೆ ಭಯ. ಮನೇಲಿ ಒಬ್ಬನೇ ಇರ್ತಾನೆ ಪಾಪ. ಅದಕ್ಕೇ ಕಂದೀಲು ಕದೀತಾನೆ. ಆ ಭಯ ಕಣ್ಣಲ್ಲಿ ತರೋದಕ್ಕೆ ಎಷ್ಟು ಒದ್ದಾಡಿದ್ದೆ ಅಂತೀರಿ!"

ಮಸಿ ಹಾಕಿ ಮುಗಿಸಿದಾಗ ಹಾಳೆಯ ಮೇಲೆ ನಿಂತಿದ್ದವನು ಕ್ರೂರಿಯಲ್ಲ. ಎದೆಗೆ ಕಂದೀಲು ಒತ್ತಿಕೊಂಡ, ಎರಡೂ ಕಣ್ಣು ಅಗಲಿಸಿದ, ನಿದ್ದೆಗೆಟ್ಟ ಬಡಪಾಯಿ. ಚಿಕ್ಕವರಿದ್ದಾಗ ಈ ಕಳ್ಳನನ್ನು ತಾವು ಯಾಕೆ ಅಷ್ಟು ಹಚ್ಚಿಕೊಂಡಿದ್ದೆವೆಂದು ಯಜಮಾನರಿಗೆ ಆ ಒಂದು ಕ್ಷಣ ನೆನಪಾಯಿತು: ಕತ್ತಲೆಂದರೆ ಆಗ ತಮಗೂ ಭಯವಿತ್ತು. ಅಲ್ಲಿಗೇ ಕೈ ಮುಗಿದು ಹಾಳೆ ತೆಗೆದುಕೊಂಡು ಬಂದಿದ್ದರೆ ಅವರ ಮಾನವೂ ಉಳಿಯುತ್ತಿತ್ತು, ಕಥೆಯೂ ಮುಗಿಯುತ್ತಿತ್ತು.

ಆದರೆ ಬೆನ್ನ ಹಿಂದೆ ಬಳಗ ನಿಂತಿದೆ. ಕೈಯಲ್ಲಿ ಫೈಲಿದೆ. ಈ ಒಂದು ಹಾಳೆ ಅದರೊಳಗೆ ಸೇರಿದರೆ ಉಳಿದ ಹಾಳೆಗಳೆಲ್ಲ ತಪ್ಪು.

"ಸಾರ್," ಎಂದರು ಯಜಮಾನರು, ಗಿರಾಕಿಗೆ ದುಬಾರಿ ಫ್ರೇಮು ತೋರಿಸುವ ದನಿಯಲ್ಲಿ, "ತಪ್ಪು ತಿಳೀಬೇಡಿ. ಆ ಎಡಗಣ್ಣಿಗೊಂದು ಪಟ್ಟಿ ಹಾಕಿಬಿಟ್ರೆ..."

"ಭಾವ, ಬೇಡ," ಎಂದ ಭಾವಮೈದ, ಅಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು.

ಮುದುಕರು ಅವರನ್ನೇ ನೋಡಿದರು. ಸಿಟ್ಟಾಗಲಿಲ್ಲ. ನಗುವೂ ಹೋಗಿತ್ತು. ಮಸಿ ತುಂಬಿದ ಕುಂಚವನ್ನು ಯಜಮಾನರ ಕಡೆಗೆ ಚಾಚಿದರು. "ನನ್ನ ಕೈಲಾಗಲ್ಲ. ನೀವೇ ಹಾಕ್ಕೊಳ್ಳಿ."

ಇಷ್ಟು ವರ್ಷ ಇನ್ನೊಬ್ಬರ ಕೈಯಲ್ಲಿ ಬರೆಸಿದವರು ಮೊದಲ ಬಾರಿ ಕುಂಚ ಹಿಡಿದರು. ಯಜಮಾನರು ಬಗ್ಗಿ, ನಾಲಿಗೆ ಕಚ್ಚಿಕೊಂಡು, ಎಡಗಣ್ಣಿನ ಮೇಲೆ ಕಪ್ಪು ಬಳಿದರು. ಗೆರೆ ಸ್ವಲ್ಪ ಕೆನ್ನೆಗೂ ಹರಿಯಿತು.

ಮುದುಕರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಕೆಳಗೆ ಬರೆದರು: "ಎರಡು ಕಣ್ಣು ಕೊಟ್ಟವನು ನಾನು. ಒಂದನ್ನು ಮುಚ್ಚಿದವರು ಇವರು." ಸಹಿ ಹಾಕಿ, ಮಸಿಯ ಮೇಲೆ ಊದಿ ಒಣಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಬಳಗದವರು ಅಭಿನಂದನೆ ಹೇಳಿದರು, ಬೆನ್ನು ತಟ್ಟಿದರು, ಫೋಟೊ ತೆಗೆದುಕೊಂಡರು. ಜನ ಚದುರಿದ ಮೇಲೆ ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪಟ್ಟಿ ಬಳಿದರೂ ಕಳ್ಳನ ಮುಖಕ್ಕೆ ಕ್ರೌರ್ಯ ಬಂದಿರಲಿಲ್ಲ. ಉಳಿದ ಆ ಒಂದು ಕಣ್ಣು, ಈಗ ಮೊದಲಿಗಿಂತ ಹೆಚ್ಚು ಹೆದರಿಕೊಂಡು, ಅವರನ್ನೇ ನೋಡುತ್ತಿತ್ತು. ಅವರು ಹಾಳೆಯನ್ನು ಮಗುಚಿ, ಮುಖ ಕೆಳಗೆ ಮಾಡಿ, ಫೈಲಿಗೆ ಸೇರಿಸಿದರು.