ತುಂಬಿದ ಬಾವಿಯ ಬರ

ಕೊಕ್ಕರ್ಣೆಯಲ್ಲಿ ಹುಟ್ಟಿ ಬೆಳೆದ ನನಗೆ ಬರ ಎಂದರೆ ಬಾವಿಯ ತಳ ಕಾಣುವುದು ಎಂದಷ್ಟೇ ಗೊತ್ತಿತ್ತು. ಮದುವೆಯಾಗಿ ಕಡಲ ದಂಡೆಯ ಬೀಜಾಡಿಗೆ ಬಂದ ಮೇಲೆ ಇನ್ನೊಂದು ಬಗೆಯ ಬರ ಕಂಡೆ. ಏಪ್ರಿಲ್ ಬಂತೆಂದರೆ ನಮ್ಮ ಬಾವಿಯೊಳಗೆ ಸಮುದ್ರ ಒಸರುತ್ತಿತ್ತು. ನೀರು ಬೇಕಾದಷ್ಟು, ಬಾಯಿಗೆ ಇಡುವಂತಿಲ್ಲ. ಗಂಜಿಗೆ ಬೇರೆ ಉಪ್ಪು ಬೇಡ ಎಂದಾದರೆ ಶುರುವಾಯಿತು, ಚಾದ ಹಾಲು ಒಡೆದರೆ ಕೈಮೀರಿತು ಎಂಬುದು ನನ್ನ ಲೆಕ್ಕ. ಆಮೇಲೆ ಕುಡಿಯುವ ನೀರಿಗೆ ಹೆದ್ದಾರಿಯಾಚೆಯ ಮನೆಯೊಂದರ ಬಾವಿಗೇ ಹೋಗಬೇಕು. ಕೊಡಪಾನ ಅತ್ತೆಯದು, ಸೊಂಟ ನನ್ನದು.

ಸರ್ಕಾರದ ಲೆಕ್ಕ ಬೇರೆಯೇ ಇತ್ತು. ಬರಕ್ಕೆ ಸಾಧಾರಣ, ಮಧ್ಯಮ, ತೀವ್ರ ಎಂಬ ಹಂತಗಳಿವೆ ಎಂದು ಒಂದು ವರ್ಷ ಪಂಚಾಯಿತಿಯಲ್ಲಿ ವಿವರಿಸಿದರು. ಮಳೆ ಎಷ್ಟು ಕಡಿಮೆ, ಎಷ್ಟು ವಾರ ಒಣಗಿತು, ಬೆಳೆ ಎಷ್ಟು ಬಾಡಿತು, ಬಾವಿ ಎಷ್ಟು ಇಳಿಯಿತು ಎಂದು ನೋಡಿ ಹಂತ ಬರೆಯುತ್ತಾರಂತೆ. ಸಾಧಾರಣ ಎಂದರೆ ಏನೂ ಆಗಿಲ್ಲ ಎಂದರ್ಥ. ತೀವ್ರ ಎಂದಾದ ವಾರ್ಡಿಗೆ ಟ್ಯಾಂಕರ್. ನೀರು ಎಷ್ಟಿದೆ ಎಂದು ಕೇಳುವವರಿದ್ದರು, ಹೇಗಿದೆ ಎಂದು ಕೇಳುವವರಿರಲಿಲ್ಲ. ಆ ಸಲ ನಾನು ದೇವರಲ್ಲಿ ಬೇಡಿಕೊಂಡದ್ದು ಮಳೆಯನ್ನಲ್ಲ, ತೀವ್ರ ಬರವನ್ನು.

ನಾವು ಅರ್ಜಿ ಕೊಟ್ಟ ಮೇಲೆ ಪರಿಶೀಲನೆಗೆ ಬಂದ ಅಧಿಕಾರಿ ಬಯಲುಸೀಮೆಯವರು. ನಮ್ಮ ಬಾವಿಗೆ ಬಗ್ಗಿ ನೋಡಿದವರ ಮುಖ ಅರಳಿತು. "ತುಂಬಿದೆಯಲ್ರೀ! ನಮ್ಮೂರಲ್ಲಿ ಇಂಥದ್ದು ಕನಸಲ್ಲೂ ಇಲ್ಲ."

"ಉಪ್ಪ್ ಮಾರಾಯ್ರೇ, ಬರೀ ಉಪ್ಪ್," ಎಂದೆ.

ಪಾಪ, ನ್ಯಾಯವಂತರೇ. "ಹಾಗಾದ್ರೆ ಕುಡಿದು ನೋಡಿಯೇ ಬರೀತೀನಿ," ಎಂದರು. ನನ್ನ ಕೆಲಸ ಆಯಿತು ಎಂದುಕೊಂಡು ಕೊಡ ಇಳಿಸಿ, ಕಂಠಮಟ್ಟ ತುಂಬಿಸಿ ಎಳೆದೆ. ತಿರುಗಿ ನೋಡಿದರೆ ಅಧಿಕಾರಿ ಜಗಲಿಯಲ್ಲಿ ಕೂತಿದ್ದಾರೆ. ಎದುರಿಗೆ ತಟ್ಟೆಯಲ್ಲಿ ಬೆಲ್ಲ, ಕೈಯಲ್ಲಿ ಚೆಂಬು. ಅತ್ತೆ ಪಕ್ಕದಲ್ಲಿ ನಿಂತಿದ್ದಾರೆ.

"ಆಸ್ರಿಗೆ ಕುಡಿನಿ, ಬಿಸ್ಲಿಗೆ ಬಂದದ್ ಅಲ್ದಾ? ನಮ್ಮನಿದೇ ನೀರ್, ಸಂಕೋಚ ಮಾಡ್ಕಣ್ಬೇಡಿ."

ಬೆಳಿಗ್ಗೆ ನಾನು ಹೊತ್ತು ತಂದ ನೀರು! "ಹ್ವಾಯ್, ಅದ್ ಈ ಬಾವಿ ನೀರಲ್ಲ!" ಎಂದು ಕೂಗಿದೆ. ಅವರು ಕಣ್ಣು ಮುಚ್ಚಿ ಕೊನೆಯ ಹನಿಯವರೆಗೆ ಕುಡಿದು ನಕ್ಕರು. "ಟ್ಯಾಂಕರ್ ಬೇಕು ಅಂತ ಎಲ್ಲ ಮನೇಲೂ ಒಂದೊಂದು ಹೇಳ್ತಾರಮ್ಮ. ಎಳನೀರಿದ್ದ ಹಾಗಿದೆ." ನನ್ನ ಕೊಡದ ನೀರನ್ನು ಮುಂದೆ ಹಿಡಿದರೆ ಹೊಟ್ಟೆ ಸವರಿಕೊಂಡು, ಇನ್ನು ಹಿಡಿಸುವುದಿಲ್ಲ ಎಂದರು. ಅತ್ತೆ ಇನ್ನೊಂದು ಚೆಂಬು ತಂದರು. ಅದು ಹಿಡಿಸಿತು.

ಅವರು ಹೋದದ್ದೇ ತಡ, ಅತ್ತೆಯ ಮೇಲೆ ಹರಿಹಾಯ್ದೆ.

"ಮತ್ತೆಂತ, ಮನಿಗ್ ಬಂದವ್ರಿಗೆ ಉಪ್ಪ್ ನೀರ್ ಕೊಡುದಾ?" ಎಂದರು ಅತ್ತೆ. "ನಾಳೆ ಅವ್ರ್ ಊರೆಲ್ಲ ಹೇಳುದಿಲ್ಯಾ?"

"ಹೇಳ್ಲಿ ಅಂದೇ ಅಲ್ದಾ ಅತ್ತೆ ಅವ್ರನ್ ಕರ್ಸದ್!"

ಅತ್ತೆಗೆ ನಾನು ಹೇಳಿದ್ದು ಅರ್ಥವೇ ಆಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಕಣ್ಣೀರೂ ಉಪ್ಪಾಗಿರುವುದು ಕಂಡು ಇನ್ನಷ್ಟು ಸಿಟ್ಟು ಬಂತು.

ನಮ್ಮ ವಾರ್ಡು ಸಾಧಾರಣವಾಯಿತು, ಪಕ್ಕದ್ದು ತೀವ್ರ. ಒಂದು ಮಧ್ಯಾಹ್ನ ಕೊಡಪಾನ ಹೊತ್ತು ಬೆವರು ಸುರಿಸುತ್ತ ಮನೆ ಮುಟ್ಟುವಾಗ, ಅಲ್ಲಿಗೆ ಹೊರಟಿದ್ದ ಟ್ಯಾಂಕರ್ ನಮ್ಮ ಗೇಟಿನೆದುರು ನಿಂತಿತು. ನಮಗೂ ಬಂತು ಎಂದುಕೊಂಡೆ. ಡ್ರೈವರ್ ಇಳಿದು ಬಂದ.

"ಅಕ್ಕ, ಒಂಚೂರ್ ಕುಡುಕೆ ನೀರ್ ಕೊಡಿನಿ. ಟ್ಯಾಂಕರಿನ್ ನೀರ್ ಪೈಪ್ ವಾಸ್ನಿ. ಈ ಮನಿ ಬಾವಿ ನೀರ್ ಭಾರೀ ಲಾಯ್ಕಂಬ್ರ್, ಸಾಹೇಬ್ರೇ ಹೇಳಿರ್."

ಅಷ್ಟು ನೀರಿನ ಲಾರಿಯನ್ನು ನೋಡಿದೆ, ಅವನ ಒಣಗಿದ ತುಟಿ ನೋಡಿದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸೊಂಟದ ಕೊಡಪಾನವನ್ನು ಹಾಗೇ ಬಗ್ಗಿಸಿದೆ. ಅವನು ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದ, ಮುಖವನ್ನೂ ತೊಳೆದುಕೊಂಡ. ಮತ್ತೆ ಹತ್ತಿ ಕೂತು ಟ್ಯಾಂಕರನ್ನು ಪಕ್ಕದ ವಾರ್ಡಿಗೆ ಓಡಿಸಿಕೊಂಡು ಹೋದ. ನಾನು ಮನೆಯೊಳಗೆ ಹೋಗದೆ, ಖಾಲಿ ಕೊಡಪಾನದೊಂದಿಗೆ ಹೆದ್ದಾರಿ ಕಡೆಗೆ ತಿರುಗಿದೆ.