ಹಿನ್ನೀರಿನಲ್ಲಿ ಕಂಡ ಕಾವಿ ಟೊಪ್ಪಿಗೆ

೧೯೯೮ರ ಕಾರ್ತಿಕದ ಕಡೇ ಸೋಮವಾರ ಬೆಳಿಗ್ಗೆ, ತುಂಗಭದ್ರೆಯ ಹಿನ್ನೀರಿನ ನಡುವೆ ನನ್ನ ಮಗಳು ಶಾಂತಾ ಕಣ್ಣಿಗೆ ಕಾಣದಂತಾದಳು. ದಂಡೆಯ ಮೇಲೆ ನಿಂತಿದ್ದ ನನಗೆ ಈಜು ಬರುವುದಿಲ್ಲ. ಆ ದಿನ ನಮ್ಮ ಮನೆದೇವರು ಮಲ್ಲಯ್ಯ ನನಗಾಗಿ ಏನು ಮಾಡಿದ ಎಂಬುದನ್ನು ಅವನ ಒಕ್ಕಲಿನವರೆಲ್ಲ ಕೇಳಬೇಕು.

ನಾನು ಹೂವಿನಹಡಗಲಿಯಲ್ಲಿ ಬಟ್ಟೆ ಹೊಲಿಯುವವಳು. ನಮ್ಮ ಯಜಮಾನರ ಮನೆತನದಲ್ಲಿ ಒಂದು ನಡೆ ಇದೆ. ವರ್ಷಕ್ಕೊಮ್ಮೆ ಮನೆಯವರೊಬ್ಬರು ಮಲ್ಲಿಗೆಯ ಗಂಟನ್ನು ತಲೆಗೆ ಕಟ್ಟಿಕೊಂಡು, ಈಜಿ ಹೋಗಿ ಆಚೆ ದಂಡೆಯ ಮಲ್ಲಯ್ಯನಿಗೆ ಮುಟ್ಟಿಸಬೇಕು. ಹೂ ಹೊತ್ತವರ ಮೈಮೇಲೆ ಬಿಳಿ ಬಿಟ್ಟು ಬೇರೆ ಬಣ್ಣ ಕಾಣಬಾರದು. ಆ ವರ್ಷ ಯಜಮಾನರು ಹರಪನಹಳ್ಳಿ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು, ದಾವಣಗೆರೆ ಆಸ್ಪತ್ರೆಯಲ್ಲಿ ಭುಜಕ್ಕೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದರು. "ನಾ ಹೋಗ್ತೀನಿ" ಎಂದಳು ಹತ್ತೊಂಬತ್ತರ ಶಾಂತಾ. ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವಳು; ಗಂಡುಮಕ್ಕಳನ್ನೇ ಹಿಂದೆ ಹಾಕುತ್ತಿದ್ದಳು. ನನ್ನ ನಾದಿನಿ ಮೂಗು ಮುರಿದಳು. ಮೂಗು ಅವಳದು, ಮುರಿದುಕೊಳ್ಳಲಿ ಬಿಡಿ. ನನಗಂತೂ ಎದೆ ಉಬ್ಬಿತ್ತು.

ನಮ್ಮ ಅಂಗಡಿಯೆದುರು ಪಂಕ್ಚರ್ ಹಾಕುವ ಖಾದರ್‌ಸಾಬರು ಒಂದು ಸ್ಕೂಟರ್ ಟ್ಯೂಬಿಗೆ ಗಾಳಿ ತುಂಬಿ, ಸೊಂಟಕ್ಕೆ ಕಟ್ಟುವ ಹಗ್ಗದ ಸಮೇತ ತಂದರು.

"ಅಕ್ಕಾರ, ಇದು ಹುಡುಗಿ ಹಿಂದ ತೇಲಿಕೋಂತ ಬರ್ತೈತಿ. ಸುಸ್ತಾದ್ರ ಹಿಡ್ಕೋಬಹುದು. ತಲಿಗೆ ಬಣ್ಣದ ಟೊಪ್ಪಿಗಿ ಹೊಲೀರಿ. ಬಿಳೀದು ತೆರಿಯಾಗ ಕಾಣಂಗಿಲ್ಲ ನೋಡ್ರಿ."

"ದೇವರ ಕೆಲಸಕ್ಕ ರಬ್ಬರ್ ಟ್ಯೂಬ್ ಏನ್ರಿ? ನೀವು ಪಂಕ್ಚರ್ ನೋಡ್ಕೋರಿ" ಎಂದುಬಿಟ್ಟೆ. ಪಾಪ, ಅವರು ಟ್ಯೂಬ್ ಎತ್ತಿಕೊಂಡು ಹೋದರು. ನಾನು ಬಿಳಿ ಟೊಪ್ಪಿಗೆಯನ್ನೇ ಹೊಲಿದೆ.

ಅಂದು ಮೀನುಗಾರ ಹನುಮಂತ ಹರಗೋಲಿನಲ್ಲಿ ಅವಳ ಜೊತೆಗೆ ಹೊರಟ. ಅರ್ಧ ದಾರಿಗೆ ಗಾಳಿ ಎದ್ದಿತು. ತೆರೆಗಳ ಮೇಲೆಲ್ಲ ಬಿಳಿ ನೊರೆ. ಹರಗೋಲು ಗಿರ್ರನೆ ತಿರುಗುತ್ತ ದೂರ ಸರಿಯಿತು.

"ಅವ್ವಾರ, ಎಲ್ಲಿ ಅದಾಳ? ನನಗ ಕಾಣವಲ್ಲಳು!" ಎಂದು ಕೂಗಿದ. ನನಗೆ ಕಂಡದ್ದು ತೇಲಿಹೋಗುತ್ತಿದ್ದ ಹೂವಿನ ಗಂಟು ಮಾತ್ರ. ಅದರ ಕೆಳಗೆ ತಲೆ ಇರಲಿಲ್ಲ.

ಕೆಸರಲ್ಲೇ ಕುಸಿದು ಕಣ್ಣು ಮುಚ್ಚಿದೆ. "ಮಲ್ಲಯ್ಯಾ, ಬಿಳೀದೂ ಬ್ಯಾಡ, ಮನಿತನದ ನಡೀನೂ ಬ್ಯಾಡ. ನನ್ನ ಮಗಳನ್ನ ತೋರಿಸು."

ಕಣ್ಣು ತೆರೆದರೆ, ಗಂಟಿನಿಂದ ಬಹಳ ಎಡಕ್ಕೆ, ನೊರೆಯ ನಡುವೆ ಒಂದು ಕಾವಿ ಚುಕ್ಕಿ! ಮುಳುಗಿತು, ಮತ್ತೆ ಎದ್ದಿತು. ಸೆರಗು ಬೀಸಿ, ಗಂಟಲು ಹರಿಯುವಂತೆ ಕೂಗಿದೆ: "ಎಡಕ್ಕ ಹೋಗೋ ಹನುಮಂತಾ! ಕಾವಿ ನೋಡು, ಕಾವಿ!" ಅವನಿಗೂ ಕಂಡಿತು. ಜೋರಾಗಿ ಹುಟ್ಟು ಹಾಕಿ ಅವಳನ್ನು ಮುಟ್ಟಿದ.

ಅವಳ ಕಾಲು ಸೆಟೆದುಕೊಂಡಿತ್ತು. ಹನುಮಂತ ಎಷ್ಟು ಹೇಳಿದರೂ ಹರಗೋಲು ಹತ್ತಲಿಲ್ಲವಂತೆ. ಅದರ ಅಂಚು ಹಿಡಿದು ಸುಧಾರಿಸಿಕೊಂಡು, ಉಳಿದ ದಾರಿಯನ್ನು ಈಜಿಯೇ ಮುಗಿಸಿದಳು ನನ್ನ ಮಗಳು! ಹೂವಿಲ್ಲದ ಕೈಯಲ್ಲೇ ದೇವರಿಗೆ ಅಡ್ಡಬಿದ್ದು, ಹರಗೋಲಿನಲ್ಲಿ ಮರಳಿದಳು.

"ಖಾದರ್ ಮಾಮಾ ಹೇಳಿದ್ದು ಖರೇ ಅನಿಸ್ತವ್ವಾ. ಗುಡಿ ಪತಾಕಿ ಹೊಲಿದು ಉಳಿದ ತುಂಡಿನಾಗ ಟೊಪ್ಪಿಗಿ ಮಾಡ್ಕೊಂಡೆ. ನೀ ಬೈತೀ ಅಂತ ಬಿಳೀದರ ಒಳಗ ಹಾಕ್ಕೊಂಡಿದ್ದೆ. ಕಾಲು ಹಿಡೀತಲ್ಲ, ಕಾವೀದು ಕಾಣ್ಲಿ ಅಂತ ಮ್ಯಾಲಿಂದು ಗಂಟಿನ ಸಮೇತ ಕಿತ್ತು ಒಗದೆ" ಎಂದಳು.

ಮಲ್ಲಯ್ಯನ ಪತಾಕೆಯ ಬಟ್ಟೆ ಅದು! ಅವನ ಬಣ್ಣವೇ ಅವನ ಸೇವೆಗೆ ಆಗದು ಎಂದು ಕೂತಿದ್ದೆನಲ್ಲ, ಎಂಥ ದಡ್ಡಿ ನಾನು. ಅವಳಿಗೆ ಆ ಬುದ್ಧಿ ಕೊಟ್ಟವನೂ ಅವನೇ, ನನ್ನ ಕಣ್ಣಿಗೆ ತೋರಿಸಿದವನೂ ಅವನೇ.

ಮರುದಿನ ಖಾದರ್‌ಸಾಬರ ಅಂಗಡಿಗೆ ಹೋಗಿ, "ತಪ್ಪಾತ್ರಿ, ಆ ಟ್ಯೂಬ್ ಕೊಡ್ರಿ" ಎಂದೆ. ಅವರು ನಗುತ್ತ ಕೊಟ್ಟರು. ಅದಕ್ಕೂ ಕಾವಿ ಗವಸು ಹೊಲಿದೆ. ಅಲ್ಲಿಂದೀಚೆಗೆ ಪ್ರತಿ ವರ್ಷ ಶಾಂತಾಳೇ ಹೂ ಮುಟ್ಟಿಸುತ್ತಾಳೆ. ದಂಡೆಯಲ್ಲಿ ನಿಂತವರಿಗೆಲ್ಲ "ಅಕಿ ನನ್ನ ಮಗಳು" ಎಂದು ಕೇಳದಿದ್ದರೂ ಹೇಳುತ್ತೇನೆ. ಆಮೇಲೆ ಕೈಮುಗಿದು ಮಲ್ಲಯ್ಯನನ್ನು ನೆನೆಯುತ್ತೇನೆ, ಕಣ್ಣು ಮಾತ್ರ ಮುಚ್ಚುವುದಿಲ್ಲ.