ಯಾಲಕ್ಕಿ ಪರಿಮಳದ ಕಫ

ನನಗೆ ಹುಟ್ಟಿನಿಂದಲೇ ಹೇಸಿಗೆ ಜಾಸ್ತಿ. ಬಸ್ಸಿನ ಕಿಟಕಿಗೆ ಒಣಗಿ ಅಂಟಿದ ಗುಟ್ಕಾದ ಕಲೆ ಕಂಡರೆ ಆ ದಿನ ಊಟ ಸೇರುವುದಿಲ್ಲ. ಇನ್ನೊಬ್ಬರು ಬಾಯಿಟ್ಟ ಲೋಟವನ್ನು ಎಷ್ಟು ತೊಳೆದುಕೊಟ್ಟರೂ ನಾನು ಮುಟ್ಟುವವಳಲ್ಲ. ಇಂಥವಳು ಹೋಗಿ ಹೋಗಿ ಬಯೋಮೆಡಿಕಲ್ ಸೈನ್ಸ್ ಓದಲು ಯಾಕೆ ಸೇರಿದೆ ಎಂದರೆ, ತಪ್ಪು ಕಾಲೇಜಿನ ಪುಸ್ತಿಕೆಯದು. ಅದರ ಮುಖಪುಟದಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಿಡಿದುಕೊಂಡು ನಗುತ್ತಿದ್ದಳು. ಪದವಿ ಮುಗಿಯುತ್ತ ಬಂದರೂ ಆ ನೀಲಿ ನೀರು ಏನೆಂದು ನನಗಿನ್ನೂ ಗೊತ್ತಾಗಿಲ್ಲ. ಮನುಷ್ಯನ ಮೈಯೊಳಗಿಂದ ಅಷ್ಟು ಚಂದದ್ದು ಏನೂ ಹೊರಗೆ ಬರುವುದಿಲ್ಲ.

ದೂರದ ಬೆಟ್ಟ ನುಣ್ಣಗೆ. ಕಲಬುರಗಿಯಲ್ಲಿ ಓದುವಾಗ ಎಲ್ಲವೂ ಪುಸ್ತಕದಲ್ಲಿತ್ತು, ಚಿತ್ರಗಳಿಗೆ ವಾಸನೆ ಇರಲಿಲ್ಲ. ಕೊನೆಯ ವರ್ಷ ತರಬೇತಿಗೆಂದು ಸೇಡಂನ ಒಂದು ಆಸ್ಪತ್ರೆಯ ಲ್ಯಾಬಿಗೆ ಹಾಕಿದಾಗ ಬೆಟ್ಟ ಹತ್ತಿರ ಬಂತು. ಶಹಾಬಾದಿನ ನಮ್ಮ ಮನೆಯಿಂದ ಬೆಳಗಿನ ರೈಲುಗಾಡಿ ಹಿಡಿದು, ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿ, ಚಿತ್ತಾಪುರ ದಾಟಿ ಸೇಡಂ ಮುಟ್ಟುವಷ್ಟರಲ್ಲಿ ತಲೆಯ ಮೇಲೆ ಸಿಮೆಂಟಿನ ಧೂಳು ಕೂತಿರುತ್ತಿತ್ತು. ಅಲ್ಲಿ ನನಗಾಗಿ ಕಾಯುತ್ತಿದ್ದದ್ದು ಜನರ ಡಬ್ಬಿಗಳು.

ಜನ ಯಾವ್ಯಾವುದರಲ್ಲಿ ಏನೇನು ತರುತ್ತಾರೆಂದು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಆಡಕಿ ಹಳ್ಳಿಯಿಂದ ಬಂದ ಒಬ್ಬರು ಮಲವನ್ನು ಬೆಂಕಿಪೆಟ್ಟಿಗೆಯಲ್ಲಿ ತಂದು ನನ್ನ ಅಂಗೈ ಮೇಲಿಟ್ಟರು, ಪ್ರಸಾದ ಕೊಟ್ಟ ಹಾಗೆ. ಇನ್ನೊಬ್ಬರು ತಂಪು ಪಾನೀಯದ ಬಾಟಲಿಯ ತುಂಬ ಮೂತ್ರ ತಂದು, ಸಾಲದಿದ್ದರೆ ಇನ್ನೂ ತರುತ್ತೇನೆ ಎಂದರು. ಆದರೆ ಇವೆಲ್ಲವನ್ನೂ ನಾನು ಮೂಗು ಮುಚ್ಚಿಕೊಂಡಾದರೂ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಕಫ. ಕ್ಷಯದ ಪರೀಕ್ಷೆಗೆಂದು ಬರುವ ಆ ಪುಟ್ಟ ಕಪ್ಪುಗಳ ಮುಚ್ಚಳ ತೆಗೆದು, ಒಳಗಿನದ್ದನ್ನು ಕಡ್ಡಿಯಿಂದ ಎತ್ತಿ ಗಾಜಿನ ಪಟ್ಟಿಯ ಮೇಲೆ ಸವರಬೇಕು. ಅದು ಕಡ್ಡಿಗೆ ಅಂಟಿ ದಾರದಂತೆ ಏಳುತ್ತದೆ. ಮೊದಲ ದಿನವೇ ಓಡಿಹೋಗಿ ಹೊರಗಿನ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಸರ್ ಬೈಯಲಿಲ್ಲ, ಒಂದು ಲೋಟ ನೀರು ಕೊಟ್ಟರು. "ನೋಡ್ ತಂಗಿ, ರೋಗ ಹೊಲಸಿನಾಗೇ ಇರ್ತದ. ಸ್ವಚ್ಛ ನೀರಾಗ ಹುಡುಕಿದ್ರ ನಿನಗ ಏನ್ ಸಿಗ್ತದ?" ಎಂದರು.

ನನಗೆ ಏನೂ ಸಿಗುವುದು ಬೇಕಿರಲಿಲ್ಲ. ಹೈದರಾಬಾದಿನ ಯಾವುದಾದರೂ ದೊಡ್ಡ ಲ್ಯಾಬಿನಲ್ಲಿ, ಎಲ್ಲವನ್ನೂ ಮಷೀನೇ ಮಾಡುವ ಕಡೆ, ಮುಚ್ಚಿದ ಟ್ಯೂಬುಗಳನ್ನು ಸಾಲಾಗಿ ಜೋಡಿಸುವ ನೌಕರಿ ಸಿಕ್ಕರೆ ಸಾಕಿತ್ತು. ಸಂದರ್ಶನಕ್ಕೆಂದು ಗೆಳತಿಯರ ಜೊತೆ ಉತ್ತರ ಬಾಯಿಪಾಠ ಮಾಡುವಾಗ, ಈ ಕ್ಷೇತ್ರ ಯಾಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ಎಲ್ಲರೂ ಜನಸೇವೆ ಎನ್ನುತ್ತಿದ್ದೆವು. ಆ ಮಾತು ಆಡುವಾಗ ನಮ್ಮ ಮುಖ ನೋಡಬೇಕಿತ್ತು.

ವಾಂತಿಯ ಸುದ್ದಿ ಮನೆಯಲ್ಲಿ ಗೊತ್ತಾಗಿ ಎಲ್ಲರೂ ನಕ್ಕರು. ನಗದೆ ಇದ್ದವನು ಮುತ್ಯಾ ಒಬ್ಬನೇ. ನಮ್ಮ ಮುತ್ಯಾ, ಅಂದರೆ ತಂದೆಯ ತಂದೆ, ಜೀವಮಾನವೆಲ್ಲ ಪರ್ಸಿ ಗಣಿಯಲ್ಲಿ ನೆಲಹಾಸಿನ ಕಲ್ಲು ಒಡೆದವನು. ಆತನ ಮಂಚದ ಕೆಳಗೆ ಒಂದು ತಗಡಿನ ಡಬ್ಬಿ ಇತ್ತು, ತಳದಲ್ಲಿ ಒಲೆಯ ಬೂದಿ. ದಿನವಿಡೀ ತಂಬಾಕು ಜಗಿದು, ಕೆಮ್ಮಿ, ಖ್ಯಾಕರಿಸಿ ಅದರೊಳಗೆ ಉಗುಳುತ್ತಿದ್ದ. ನಾನು ಚಿಕ್ಕವಳಿದ್ದಾಗ ಅದನ್ನು ತಿಪ್ಪೆಗೆ ಚೆಲ್ಲಿ ಬರುವ ಕೆಲಸ ನನ್ನದಾಗಿತ್ತು. ಒಂದು ದಿನ ದಾರಿಯಲ್ಲೇ ನಾನು ವಾಂತಿ ಮಾಡಿದ್ದನ್ನು ನೋಡಿದ ಮೇಲೆ ಮುತ್ಯಾ ಆ ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ, ತಾನೇ ಒಯ್ದು ಚೆಲ್ಲಿ ಬರುತ್ತಿದ್ದ. ಆದರೂ ಅದರ ಸದ್ದು ನನ್ನ ಕಿವಿ ಬಿಡಲಿಲ್ಲ. ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಫೋನಿನಲ್ಲಿ ಆತ ಕೆಮ್ಮಿದರೆ, ಆ ಎಂಜಲು ತಂತಿಯಿಲ್ಲದ ಗಾಳಿಯಲ್ಲೇ ಹಾರಿ ಬಂದೀತೆಂಬಂತೆ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ.

ಈ ವರ್ಷ ಆ ಕೆಮ್ಮು ಬೇರೆಯಾಯಿತು. ಅಂಗಿಯೊಳಗೆ ಮುತ್ಯಾ ಇದ್ದಾನೋ ಇಲ್ಲವೋ ಎನ್ನುವಷ್ಟು ಸೊರಗಿದ. ಸಂಜೆಯಾದರೆ ಮೈ ಬೆಚ್ಚಗೆ. ಮುತ್ಯಾನ ಹೆಂಡತಿ, ನಮ್ಮ ಆಯಿಯನ್ನು ಕೇಳಿದರೆ ಆಕೆಯದು ಒಂದೇ ಮಾತು: "ಪರ್ಸಿ ಧೂಳ ಎದ್ಯಾಗ ಕುಂತದ. ಈ ಊರಾಗ ಕೆಮ್ಮಲಾರದ ಗಂಡಸರು ಯಾರ್ ಅದಾರ ತೋರ್ಸು."

ಇದೂ ನನಗೆ ಅಸಹ್ಯ ಹುಟ್ಟಿಸುವ ಮಾತು. ಶಹಾಬಾದಿನಲ್ಲಿ ಕಲ್ಲಿನ ಧೂಳು, ವಾಡಿಯಲ್ಲಿ ಸಿಮೆಂಟಿನ ಧೂಳು. ಯಾರು ಕೆಮ್ಮಿದರೂ ಧೂಳಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಧೂಳಿಗೆ ಜ್ವರ ಬರುತ್ತದೆಯೇ ಎಂದು ಆಯಿಯ ಜೊತೆ ಜಗಳಾಡಿದೆ. ಕ್ಷಯವಿದ್ದು ಹಾಗೇ ಬಿಟ್ಟರೆ ಮುತ್ಯಾ ಉಳಿಯುವುದಿಲ್ಲ, ಸರಿಯಾಗಿ ಗುಳಿಗೆ ನುಂಗಿದರೆ ಉಳಿಯುತ್ತಾನೆ. ನಾನು ಓದಿದ್ದರಲ್ಲಿ ಇಷ್ಟಾದರೂ ತಲೆಯಲ್ಲಿ ನಿಂತಿತ್ತು. ಆಸ್ಪತ್ರೆಗೆ ಬಾ ಎಂದರೆ ಮುತ್ಯಾ ಬರಲೊಲ್ಲ. ಕೊನೆಗೆ ಸರ್‌ಗೆ ಯಾರದೆಂದು ಹೇಳದೆ, ನಮ್ಮ ಊರಿನವರೊಬ್ಬರದು ಎಂದಷ್ಟೇ ಹೇಳಿ ಎರಡು ಕಪ್ಪು ಕೇಳಿ ತಂದೆ.

"ಮುಂಜಾನಿ ಎದ್ದ ಕೂಡ್ಲೇ, ಎದಿ ಒಳಗಿಂದ ಕೆಮ್ಮಿ ಇದರಾಗ ಉಗುಳು ಮುತ್ಯಾ," ಎಂದು ಒಂದು ಕಪ್ಪನ್ನು ಆತನ ಕೈಗಿಟ್ಟೆ.

"ಇದನ್ನ ಯಾರ್ ನೋಡ್ತಾರ?"

"ನಾನೇ ನೋಡ್ತೀನಿ."

ಆತ ಕಪ್ಪನ್ನೂ ನನ್ನನ್ನೂ ನೋಡಿ ತಲೆಯಾಡಿಸಿದ.

ಬೆಳಿಗ್ಗೆ ನಾನು ಗಾಡಿಗೆ ಹೊರಡುವ ಹೊತ್ತಿಗೆ ಮುತ್ಯಾ ಹಣೆಗೆ ವಿಭೂತಿ ಧರಿಸಿ ಸಿದ್ಧನಾಗಿ ಕೂತಿದ್ದ. ಕಪ್ಪನ್ನು ಹೊರಗಿನಿಂದ ತೊಳೆದು, ಒರೆಸಿ, ಮಡಿಚಿದ ಬಿಳಿ ಅರಿವೆಯಲ್ಲಿ ಸುತ್ತಿ ಕೊಟ್ಟ. ಮುಚ್ಚಳ ತೆಗೆದೆ. ಒಳಗೆ ತಿಳಿಯಾದ, ನೊರೆ ನೊರೆ ಎಂಜಲು. ಘಮ್ಮೆಂದು ಯಾಲಕ್ಕಿ ವಾಸನೆ ಬಂತು. ಇಷ್ಟು ದಿನದ ತರಬೇತಿಯಲ್ಲಿ ಮೂಗು ಮುಚ್ಚಿಕೊಳ್ಳದೆ ನೋಡಿದ ಮೊದಲ ಕಪ್ಪು ಅದು, ಮತ್ತು ಅದರಿಂದ ಮೂರು ಕಾಸಿನ ಪ್ರಯೋಜನ ಇರಲಿಲ್ಲ.

"ಇದು ಕಫ ಅಲ್ಲ ಮುತ್ಯಾ, ಬರೇ ಉಗುಳು. ಯಾಲಕ್ಕಿ ಯಾಕ ಹಾಕಿದಿ?" ಎಂದು ಸಿಡುಕಿದೆ.

"ಬಾಯಿ ಮುಕ್ಕಳಿಸಿ, ಹಲ್ಲ ತಿಕ್ಕಿ, ಎರಡ್ ಯಾಲಕ್ಕಿ ಅಗದು ಕೊಟ್ಟೀನಿ, ಅವ್ವಾ. ನಿನಗ ಹೇಸಿಗಿ ಆಗ್ತದಲ್ಲ."

"ಮದಲ ಬಂದಿದ್ದು ಎಲ್ಲಿ?"

"ಅದು ಭಾಳ ಹೊಲಸ ಇತ್ತು. ರಕ್ತ ಬ್ಯಾರೆ ಇತ್ತು. ಅದನ್ನ ನಿನ್ನ ಕೈಯಾಗ ಹೆಂಗ ಕೊಡ್ಲಿ? ಬೂದ್ಯಾಗ ಮುಚ್ಚಿ ಬಂದೆ."

ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ರಕ್ತ ಎಂದಿನಿಂದ ಬೀಳುತ್ತಿತ್ತೋ. ನನ್ನ ಮೋರೆ ನೋಡಿ ನೋಡಿ ಆತ ಅದನ್ನು ಬೂದಿಯಲ್ಲಿ ಮುಚ್ಚುತ್ತ ಬಂದಿದ್ದ. ಬ್ಯಾಗಿನಿಂದ ಇನ್ನೊಂದು ಕಪ್ಪು ತೆಗೆದು, ಮಾಸ್ಕ್ ಏರಿಸಿ, ಆತನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

"ಹೊಲಸೇ ಬೇಕು ನನಗ. ಉಸುರು ಎಳಕೋ. ಕೆಮ್ಮು. ಇನ್ನೂ ಒಳಗಿಂದ."

ಮುತ್ಯಾ ಮೊಣಕಾಲು ಹಿಡಿದು ಬಗ್ಗಿ ಕೆಮ್ಮಿದ. ಪಕ್ಕೆಲುಬುಗಳೆಲ್ಲ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಬಂತು. ಹಳದಿ, ಗಟ್ಟಿ, ನಡುವೆ ರಕ್ತದ ಎಳೆ. ಮುಖ ತಿರುಗಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಿರುಗಿಸಿದೆ, ಕಪ್ಪು ಮಾತ್ರ ಬಿಡಲಿಲ್ಲ.

ಮುಚ್ಚಳ ಬಿಗಿದು, ಚೀಲದ ಮೇಲೆ ಚೀಲ ಹಾಕಿ ಬ್ಯಾಗಿನಲ್ಲಿಟ್ಟು ಗಾಡಿ ಹತ್ತಿದೆ. ವಾಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಭಜಿ ಪೊಟ್ಟಣ ಬಿಚ್ಚಿ, "ತಿನ್ರಿ, ಬಿಸಿ ಅವ," ಎಂದಳು. ತೊಡೆಯ ಮೇಲಿನ ಬ್ಯಾಗಿನಲ್ಲಿ ಏನಿದೆಯೆಂದು ಹೇಳಿದ್ದರೆ ರೈಲಿನ ಇಡೀ ಡಬ್ಬಿ ಖಾಲಿಯಾಗುತ್ತಿತ್ತು. ಬೇಡ ಎಂದು ಸೇಡಂವರೆಗೂ ಬ್ಯಾಗನ್ನು ಅಪ್ಪಿಕೊಂಡು ಕೂತೆ.

ಲ್ಯಾಬಿನಲ್ಲಿ ಎಂದಿನಂತೆ ಓಡಲಿಲ್ಲ. ಕಡ್ಡಿಯಿಂದ ರಕ್ತದ ಎಳೆಯ ಪಕ್ಕದ ಹಳದಿ ಭಾಗವನ್ನೇ ಆರಿಸಿ ತೆಗೆದೆ, ತೆಳ್ಳಗೆ ಸವರಿದೆ, ಒಣಗಿಸಿದೆ, ಕೆಂಪು ಬಣ್ಣ ಹಾಕಿ ಕಾಯಿಸಿದೆ, ಆಮ್ಲದಿಂದ ತೊಳೆದೆ, ನೀಲಿ ಬಣ್ಣ ಹಾಕಿದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳಂಥ ಕ್ಷಯದ ರೋಗಾಣುಗಳು, ಪುಸ್ತಕದ ಚಿತ್ರಕ್ಕಿಂತ ಸ್ಪಷ್ಟ. ಸರ್ ಬಂದು ನೋಡಿ, ಉಳಿದ ವಿದ್ಯಾರ್ಥಿಗಳನ್ನು ಕರೆದರು. "ನೋಡ್ರಿ, ಸ್ಮಿಯರ್ ಅಂದ್ರ ಹಿಂಗ ಇರ್ಬೇಕು. ತಂಗಿ ಕೈ ಈಗ ಕುಂತದ."

ನನಗೆ ಖುಷಿಯಾಯಿತು. ಒಂದು ಗಳಿಗೆಯೇ ಇರಬಹುದು, ಆದರೆ ಖುಷಿಯೇ. ಎಂಥ ಚಂದ ಬಂದಿದೆ ಎಂದುಕೊಂಡೆ. ಆಮೇಲೆ ಅದು ಯಾರ ಎದೆಯೊಳಗಿಂದ ಬಂದದ್ದೆಂದು ನೆನಪಾಯಿತು. ಬೆಂಕಿಪೆಟ್ಟಿಗೆ, ಬಾಟಲಿ, ತಗಡಿನ ಡಬ್ಬಿ, ಯಾವುದರ ಮೇಲೂ ಬರದಷ್ಟು ಹೇಸಿಗೆ ನನ್ನ ಮೇಲೆ ನನಗೆ ಬಂತು. ಅದಕ್ಕೆ ವಾಂತಿಯೂ ಬರುವುದಿಲ್ಲ.

ಹೊರಗೆ ನಲ್ಲಿಯ ಹತ್ತಿರ ನಿಂತು ಮನೆಗೆ ಫೋನ್ ಮಾಡಿದೆ. ಮುತ್ಯಾನೇ ಎತ್ತಿದ. ಧೂಳಲ್ಲ, ಕ್ಷಯ, ನಾಳೆಯೇ ಡಾಕ್ಟರ ಹತ್ತಿರ ಹೋಗೋಣ, ಗುಳಿಗೆ ತಪ್ಪಿಸದೆ ನುಂಗಿದರೆ ಆರಾಮಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಆತ ಕೆಮ್ಮತೊಡಗಿದ. ನನ್ನ ಕೈ ರೂಢಿಯಂತೆ ಫೋನನ್ನು ಕಿವಿಯಿಂದ ದೂರ ಒಯ್ದಿತ್ತು. ಅದು ಗೊತ್ತಾಗಿ ಮತ್ತೆ ಕಿವಿಗೆ ತಂದಾಗ ಮುತ್ಯಾ ಕೇಳುತ್ತಿದ್ದ:

"ನಿನಗ ವಾಂತಿ ಆಗಲಿಲ್ಲಲ್ಲ, ಅವ್ವಾ?"